ಮಾಘ ವದ್ಯ ಪಂಚಮಿಯ ಭೀಮಾಜಿಪಂತರು

ರಾಮಚಂದ್ರಪಂತ ತಿಕೋಟಕರರ ಮನೆಯಲ್ಲಿ ಸತ್ತವರಿಗೆ ಸಲ್ಲುವ ಮರ್ಯಾದೆ ಬದುಕಿದ್ದವರಿಗೆ ಸಲ್ಲುವುದಿಲ್ಲವೆಂಬುದು ಅವರ ಧರ್ಮಪತ್ನಿ ತುಳಸಾಬಾಯಿಯವರ ಹಳೆಯ ದೂರು. ದೂರಿನಲ್ಲಿ ಹುರುಳಿತ್ತು. ವಿಜಯಪುರದ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಪಂತರಿಗೆ ಹೆಂಡತಿಯ ಹುಟ್ಟಿದ ದಿನ ಒಮ್ಮೆಯೂ ನೆನಪಾದದ್ದಿಲ್ಲ. ಸೋದರಮಾವನ ಬೀಗರು ಕಾಲವಾದ ತಿಥಿ ಮಾತ್ರ ನಾಲಗೆಯ ತುದಿಯಲ್ಲಿರುತ್ತಿತ್ತು. ಊರಿನವರು ಫೋನು ಮಾಡಿ ತಮ್ಮ ಹಿರಿಯರು ತೀರಿಕೊಂಡ ಇಂಗ್ಲಿಷ್ ತಾರೀಖು ಹೇಳಿದರೆ ಸಾಕು, ಪಂತರು ಕಣ್ಣು ಮುಚ್ಚಿ, ಬೆರಳ ಗೆಣ್ಣುಗಳ ಮೇಲೆ ಲೆಕ್ಕ ಹಾಕಿ, ಮಾಸ ಪಕ್ಷ ತಿಥಿಗಳನ್ನು ಹೇಳಿಬಿಡುವರು. ಆಮೇಲೆ ಪಂಚಾಂಗ ತೆರೆದು ನೋಡುವರು. ತಮ್ಮ ಲೆಕ್ಕ ತಪ್ಪಿರಬಹುದೆಂಬ ಸಂಶಯದಿಂದಲ್ಲ, ಪಂಚಾಂಗ ಸರಿಯಾಗಿದೆಯೇ ಎಂದು.

ಆ ಮನೆಯ ಅತಿ ದೊಡ್ಡ ಶ್ರಾದ್ಧವೆಂದರೆ ಮಾಘ ವದ್ಯ ಪಂಚಮಿಯದು, ಎಂದರೆ ಕೃಷ್ಣಪಕ್ಷದ ಪಂಚಮಿಯದು, ಪಂತರ ಮುತ್ತಜ್ಜ ಭೀಮಾಜಿಪಂತರದು. ತಂದೆಯ ಶ್ರಾದ್ಧದಲ್ಲಿಯೇ ಅಜ್ಜನಿಗೂ ಮುತ್ತಜ್ಜನಿಗೂ ಪಿಂಡ ಸಲ್ಲುವುದರಿಂದ ಮುತ್ತಜ್ಜನಿಗೆಂದು ಬೇರೆ ದಿನ ಶಾಸ್ತ್ರಕ್ಕೆ ಬೇಕಿಲ್ಲ. ಆದರೆ ಮುತ್ತಜ್ಜಿ ಗೋದಾಬಾಯಿ ತನ್ನ ಮಗನಿಂದ ಆಣೆ ಮಾಡಿಸಿಕೊಂಡಿದ್ದಳು. ಆ ಮಗ ತನ್ನ ಮಗನಿಂದ ಮಾಡಿಸಿಕೊಂಡಿದ್ದ. ಹೀಗೆ ಪಂಚಮಿಯ ಶ್ರಾದ್ಧವು ಆಸ್ತಿಯ ಹಾಗೆ ಇಳಿದು ಬಂದಿತ್ತು. ಭೀಮಾಜಿಪಂತರು ತಿಕೋಟೆಯ ಕುಲಕರ್ಣಿಯಾಗಿದ್ದವರು, ಮೀಸೆ ಚಿಗುರಿದ ವಯಸ್ಸಿನಲ್ಲಿಯೇ ಹೆಂಡತಿಯನ್ನೂ ಎಳೆಯ ಮಗನನ್ನೂ ಬಿಟ್ಟು ಕಾಶಿಯಾತ್ರೆಗೆ ಹೊರಟು, ದಾರಿಯಲ್ಲಿ ಹೊಳೆಯ ಪಾಲಾದರೆಂಬುದು ಮನೆಯ ಮಾತು. ದೇಹ ಸಿಗಲಿಲ್ಲ, ತಿಥಿ ಮಾತ್ರ ಖಚಿತವಾಗಿ ಸಿಕ್ಕಿತ್ತು.

ಈ ಸಲದ ಪಂಚಮಿಗೆ ವಾರವೊಂದು ಉಳಿದಿದೆ ಎನ್ನುವಾಗ ಹುಬ್ಬಳ್ಳಿಯಿಂದ ಒಂದು ಫೋನು ಬಂತು. ಮಾತನಾಡಿದವಳು ತನ್ನ ಹೆಸರು ಮೃಣಾಲ ತಿಕೋಟಕರ ಎಂದಳು. ಆಕೆಯ ತಂದೆ ಚರ್ಚಿನ ಪಾದ್ರಿ, ಬರುವ ಈಸ್ಟರಿಗೆ ನಿವೃತ್ತರಾಗುವವರು. ಅಜ್ಜನೂ ಮುತ್ತಜ್ಜನೂ ಆಂಗ್ಲಿಕನ್ ಪಾದ್ರಿಗಳೇ. ತಂದೆಗೆ ಉಡುಗೊರೆಯಾಗಿ ಆ ಪಾದ್ರಿಗಳ ವಂಶಾವಳಿ ಸಿದ್ಧಪಡಿಸುವುದು ಆಕೆಯ ಆಸೆ. ವಂಶದ ಮೊದಲ ಪಾದ್ರಿ ಆ ಮುತ್ತಜ್ಜನ ತಂದೆ ರೆವರೆಂಡ್ ಭೀಮಾಜಿ ತಿಕೋಟಕರ, ಹುಟ್ಟೂರು ತಿಕೋಟೆ, ವಿಜಯಪುರದಲ್ಲಿ ದೀಕ್ಷಾಸ್ನಾನ ಪಡೆದು, ಹೊಸ ಧರ್ಮದಲ್ಲಿ ಮದುವೆಯಾಗಿ, ಮುಪ್ಪಿನಲ್ಲಿ ಬಬಲೇಶ್ವರದ ಕಡೆ ಎಲ್ಲೋ ತೀರಿಕೊಂಡರಂತೆ. ಅಡ್ಡಹೆಸರು ಒಂದೇ ಆದುದರಿಂದ, ಪಂತರಿಗೆ ಅವರ ವಿಷಯ ಏನಾದರೂ ಗೊತ್ತೇ ಎಂದು ಕೇಳಿದಳು.

ತಮ್ಮ ಮನೆಯ ಭೀಮಾಜಿ ಹೊಳೆಯಲ್ಲಿ ಹೋದವರೆಂದೂ ಪಾದ್ರಿಯಾಗಲು ಅವರಿಗೆ ಪುರಸತ್ತೇ ಸಿಗಲಿಲ್ಲವೆಂದೂ ಪಂತರು ಗಂಭೀರವಾಗಿ ಉತ್ತರಿಸಿದರು. ಫೋನು ಇಟ್ಟ ಮೇಲೆ ಎದೆಯಲ್ಲಿ ಅಳುಕು ಶುರುವಾಯಿತು. ಹುಡುಗಿಯ ಮಾತು ನಿಜವಾದರೆ ಗತಿಯೇನು? ಅಜ್ಜ ಬದುಕಿದ್ದ ತಂದೆಗೆ ಪಿಂಡವಿಟ್ಟಂತಾಯಿತು. ತಾವಾದರೂ ಜೀವಮಾನವಿಡೀ ಬಿಟ್ಟ ಎಳ್ಳುನೀರು ವಿಳಾಸ ತಪ್ಪಿದ ಟಪಾಲಿನ ಹಾಗೆ ಯಾವ ಲೋಕದ ಅಂಚೆಕಚೇರಿಯಲ್ಲಿ ಬಿದ್ದಿದೆಯೋ. ಊರಿಗೆಲ್ಲ ತಿಥಿ ಹೇಳುವವನ ಮನೆಯ ತಿಥಿಯೇ ಸುಳ್ಳೆಂದರೆ ಬರುವ ಪಂಚಮಿಗೆ ಯಾವ ಮುಖದಿಂದ ಪಿಂಡ ಇಡುವುದು? ಪಂಚಮಿಯೊಳಗೆ ಆ ಭೀಮಾಜಿ ಬೇರೆ, ಈ ಭೀಮಾಜಿ ಬೇರೆ ಎಂದು ಸಾಬೀತುಪಡಿಸಲೇಬೇಕೆಂದು ನಿಶ್ಚಯಿಸಿ, ಅವರೇ ತಿರುಗಿ ಫೋನು ಮಾಡಿ ಮೃಣಾಲಳನ್ನು ಬರಹೇಳಿದರು.

ವಿಜಯಪುರದ ಇಬ್ರಾಹಿಂಪುರದ ಕಡೆ, ರೈಲು ಹಳಿಗೆ ಕಿವಿಗೊಟ್ಟಂತೆ ನಿಂತ ಒಂದು ಹಳೆಯ ಇಂಗ್ಲಿಷ್ ಚರ್ಚು. ಅದರ ದಫ್ತರ ನೋಡಿಕೊಳ್ಳುತ್ತಿದ್ದವನು ಸತೀಶಕುಮಾರ. ಪಂತರು ರಾಹುಕಾಲ ಕಳೆದ ಮೇಲೆ ಬಂದರು, ಚಪ್ಪಲಿ ಹೊರಗೆ ಬಿಟ್ಟರು, ನಳದಲ್ಲಿ ಕೈ ತೊಳೆದರು, ಆಮೇಲೆಯೇ ದೀಕ್ಷಾಸ್ನಾನದ ದೊಡ್ಡ ಪುಸ್ತಕವನ್ನು ಮುಟ್ಟಿದರು. ಮೃಣಾಲ ಜೀನ್ಸ್ ಪ್ಯಾಂಟು ತೊಟ್ಟು ಮೊಬೈಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಪುಟದ ಮೇಲಿನ ಕಾಲಮುಗಳನ್ನು ಬೆರಳಿಟ್ಟು ಓದಿದ ಪಂತರಿಗೆ ಏನೋ ಕೊರತೆ ಕಂಡಿತು.

“ಗೋತ್ರದ ಕಾಲಮ್ ಎಲ್ಲದರೀ?”

“ನಮ್ಮಲ್ಲೆ ಅದು ಇಲ್ರಿ ಸರ,” ಎಂದ ಸತೀಶಕುಮಾರ. “ಎಲ್ಲಾರ್ದೂ ಒಂದ ಗೋತ್ರ.”

“ಹಂಗಾದ್ರ ಮದಿವಿ ಹೆಂಗ ಮಾಡ್ತೀರಿ?”

ಸತೀಶಕುಮಾರ ಪುಟ ತಿರುವಿದ. ನಮೂದು ಸಿಕ್ಕಿತು. ಹೆಸರು ಭೀಮಾಜಿ, ತಂದೆ ತಿಮ್ಮಾಜಿ, ಊರು ತಿಕೋಟೆ, ಉದ್ಯೋಗ ಕುಲಕರ್ಣಿ. ಪಂತರ ವಂಶಾವಳಿಯಲ್ಲಿಯೂ ಭೀಮಾಜಿಯ ತಂದೆ ತಿಮ್ಮಾಜಿಯೇ. ತಿಕೋಟೆಯಲ್ಲಿ ಆ ಕಾಲಕ್ಕೆ ಕಲ್ಲೊಗೆದರೆ ಒಬ್ಬ ತಿಮ್ಮಾಜಿಗೆ ತಾಗುತ್ತಿತ್ತೆಂದು ಅವರು ಗಂಟಲು ಸರಿಮಾಡಿಕೊಂಡು ಹೇಳಿದರು. ಆಮೇಲೆ ತಾರೀಖಿನ ಕಡೆ ಕಣ್ಣು ಹೋಯಿತು: ಫೆಬ್ರವರಿಯ ಒಂದು ರವಿವಾರ. ಕಣ್ಣು ಮುಚ್ಚಿತು, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹರಿಯಿತು, ಮುಖ ಅರಳಿತು.

“ಮಾಘ ವದ್ಯ ಪಂಚಮಿ,” ಎಂದರು. “ಮುಗೀತು. ನಮ್ಮ ಭೀಮಾಜಿ ತೀರಿಕೊಂಡದ್ದು ಅದ ವರ್ಷ, ಅದ ತಿಥಿ. ಸತ್ತಾಂವ ಅವತ್ತ ಇಲ್ಲಿ ಬಂದು ತಲಿಗೆ ನೀರು ಹಾಕಿಸ್ಕೊಂಡಾನೇನು? ಇಬ್ಬರ ಭೀಮಾಜಿ. ಸಿದ್ಧ ಆತು.”

ಪ್ರತಿಜ್ಞೆ, ಹೇತು, ದೃಷ್ಟಾಂತ, ಎಲ್ಲ ಅಂಗಗಳೂ ತರ್ಕಶಾಸ್ತ್ರ ವಿಧಿಸಿದ ಕ್ರಮದಲ್ಲಿಯೇ ಇದ್ದವು. ಸತೀಶಕುಮಾರ ಮೃಣಾಲಳ ಮುಖ ನೋಡಿದ. ಆಕೆ ನಗುವನ್ನು ಕರ್ಚೀಫಿನಲ್ಲಿ ಬಚ್ಚಿಟ್ಟುಕೊಂಡಳು. ವಾದದಲ್ಲಿ ಗೆದ್ದವನ ಔದಾರ್ಯದಿಂದ ಪಂತರು, ಹುಬ್ಬಳ್ಳಿಯ ತನಕ ಬರಿಹೊಟ್ಟೆಯಲ್ಲಿ ಹೋಗುವುದು ಬೇಡ, ಮನೆಗೆ ಊಟಕ್ಕೆ ಬಾ ಎಂದು ಕರೆದರು.

ತುಳಸಾಬಾಯಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ ಸಾರು ಬಡಿಸಿದರು. ಮೃಣಾಲ ಕಣ್ಣು ಮುಚ್ಚಿ ಕೈಜೋಡಿಸಿ ತನ್ನ ಪ್ರಾರ್ಥನೆ ಮುಗಿಸಿದಳು. ಅನಂತರ, ಯಾರೂ ಹೇಳದೆ, ಲೋಟದ ನೀರನ್ನು ಅಂಗೈಗೆ ಸುರುವಿಕೊಂಡು ತಟ್ಟೆಯ ಸುತ್ತ ಪ್ರದಕ್ಷಿಣೆಯಾಗಿ ಬಿಟ್ಟು, ಬಲಗಡೆ ನಾಲ್ಕು ಅನ್ನದ ಅಗುಳು ಇಟ್ಟು, ಉಣ್ಣಲು ತೊಡಗಿದಳು. ಪಂತರ ತುತ್ತು ಬಾಯಿಯ ಹತ್ತಿರ ನಿಂತುಬಿಟ್ಟಿತು. ಉಪನಯನವಾದವನು ಊಟಕ್ಕೆ ಮುನ್ನ ಮಾಡುವ ಪರಿಷೇಚನ ಅದು, ಚಿತ್ರಾಹುತಿ ಸಹಿತ. ಇದನ್ನು ಯಾರು ಕಲಿಸಿದರೆಂದು ಕೇಳಿದರು. ತಮ್ಮ ಮನೆಯಲ್ಲಿ ಎಲ್ಲರೂ ಹೀಗೆಯೇ ಮಾಡುವರೆಂದೂ, ತಟ್ಟೆಗೆ ಇರುವೆ ಬಾರದಿರಲೆಂದು ನೀರು, ಬಂದ ಇರುವೆಗೆಂದು ಅಗುಳು ಎಂಬುದಾಗಿ ಭೀಮಾಜಿ ಪಾದ್ರಿಗಳೇ ಹೇಳಿಕೊಟ್ಟಿದ್ದರಂತೆಂದೂ ಆಕೆ ಹೇಳಿದಳು.

“ನಮ್ಮನಿ ಗಂಡಸರು ಇದಕ್ಕ ಮಂತ್ರ ಹೇಳ್ತಾರವಾ,” ಎಂದರು ತುಳಸಾಬಾಯಿ. “ಇರಿವಿ ಅಂತ ಖರೆ ಹೇಳಿದಾಂವ ನಿಮ್ಮಜ್ಜ ಒಬ್ಬಾಂವ ನೋಡು.”

ತುಳಸಾಬಾಯಿ ಸೌಟು ಹಿಡಿದೇ ಎದುರಿಗೆ ಕೂತರು. ಅವರಿಗೆ ಬಹಳ ದಿನಗಳಿಂದ ಒಂದು ಸಂಶಯವಿತ್ತಂತೆ. ಪಿತೃಪಕ್ಷದ ನವಮಿ ಇದೆಯಲ್ಲ, ಅವಿಧವಾ ನವಮಿ, ಗಂಡನಿಗಿಂತ ಮೊದಲು ಮುತ್ತೈದೆಯಾಗಿ ತೀರಿಕೊಂಡ ಹೆಂಗಸರ ದಿನ. ಆ ದಿನ ಈ ಮನೆಯಲ್ಲಿ ಗೋದಾಬಾಯಿಯ ಹೆಸರಿನಲ್ಲಿ ಮುತ್ತೈದೆಯನ್ನು ಕೂಡಿಸಿ, ಹಸಿರು ಬಳೆ ಇಡಿಸಿ ಉಡಿ ತುಂಬುವುದು ನಡೆದು ಬಂದಿದೆ.

“ಗಂಡ ಸಣ್ಣ ವಯಸ್ಸಿನ್ಯಾಗ ಹ್ವಾದ ಅಂತ ಮಾಘದಾಗ ನೀವ ಪಿಂಡ ಇಡ್ತೀರಿ. ಮುದುಕಿ ಆಗಿ ಸತ್ತ ಆಕೀನ್ನ ಮುತ್ತೈದಿ ಅಂತ ಭಾದ್ರಪದದಾಗ ನೀವ ಮಂತ್ರ ಹೇಳ್ತೀರಿ. ಎರಡೂ ದಿನ ಅಡಗಿ ಮಾಡಾಕಿ ನಾನು. ಎರಡರಾಗ ಒಂದು ಸುಳ್ಳು ಇರಬೇಕಲ್ರಿ?”

ಈ ಪ್ರಶ್ನೆಯನ್ನು ವಿದ್ಯಾರ್ಥಿಯಾಗಿದ್ದಾಗ ಪಂತರೂ ತಂದೆಗೆ ಕೇಳಿದ್ದರು. ‘ನಮ್ಮಜ್ಜಿ ಹೇಳಿದ್ದು ಮಾಡು’ ಎಂದಷ್ಟೇ ಉತ್ತರ ಬಂದಿತ್ತು. ತಂದೆ ಮುಂಜಿಯ ಹುಡುಗನಾಗಿದ್ದಾಗ ಆಕೆ ತೀರಿಕೊಂಡದ್ದು. ಹಣೆತುಂಬ ಕುಂಕುಮ, ಮೊಣಕೈವರೆಗೆ ಬಳೆ ಇದ್ದವೆಂದು ಅವರಿಗೆ ನೆನಪಿತ್ತು. ದೇಹ ಸಿಗದೆ ಹೋದಾಗ ವೈಧವ್ಯವನ್ನು ಒಪ್ಪದಿರಲು ಆಧಾರವಿದೆಯೆಂದು ಪಂತರು ಈಗ ವಾದಿಸಿ ನೋಡಿದರು. ಹಾಗಾದರೆ ಶ್ರಾದ್ಧ ಏಕೆ ಮಾಡಿಸಿದಳು ಎಂದು ತುಳಸಾಬಾಯಿ ಕೇಳಿದರು. ಅದಕ್ಕೂ ಅಟ್ಟದ ಮೇಲಿನ ಒಂದು ಗ್ರಂಥದಲ್ಲಿ ಉತ್ತರವಿದೆಯೆಂದರು ಪಂತರು; ಆದರೆ ಏಣಿ ತರಲು ಏಳಲಿಲ್ಲ. ಮೃಣಾಲಳನ್ನು ಅಂದು ಊರಿಗೆ ಕಳಿಸುವ ಮಾತೂ ಬರಲಿಲ್ಲ.

ಮರುದಿನ ಬಾಡಿಗೆಯ ಕಾರಿನಲ್ಲಿ ತೊರವಿ ದಾಟಿ ತಿಕೋಟೆಗೆ ಹೋದರು. ಕಂದಾಯ ಕಚೇರಿಯ ಹಳೆಯ ದಫ್ತರದಲ್ಲಿ ಕುಲಕರ್ಣಿಕೆಯ ಕಾಗದ ಹೊರಬಂತು. ಮರಾಠಿಯ ಹಳೆಯ ಮೋಡಿ ಲಿಪಿ, ಅದನ್ನು ಓದಬಲ್ಲವರು ಆ ಹೊತ್ತಿಗೆ ಆ ಕಟ್ಟಡದಲ್ಲಿ ಪಂತರೊಬ್ಬರೇ. ಓದಬಾರದಿತ್ತೆಂದು ಅವರಿಗೇ ಅನ್ನಿಸಿರಬೇಕು. ಭೀಮಾಜಿ ಊರು ಬಿಟ್ಟ ಮೇಲೆ ಅಧಿಕಾರವು ಅಪ್ರಾಪ್ತ ವಯಸ್ಸಿನ ಮಗನ ಹೆಸರಿಗೆ ಹೋಗಿತ್ತು. ಪಾಲಕಿಯಾಗಿ ತಾಯಿಯ ಹೆಸರು. ಆ ಕಾಲದ ಕಾಗದಗಳಲ್ಲಿ ವಿಧವೆಯ ಹೆಸರಿನ ಹಿಂದೆ ‘ಗಂಗಾಭಾಗೀರಥಿ’ ಎಂದು ಬರೆಯುವುದು ಕಟ್ಟುನಿಟ್ಟು. ಇಲ್ಲಿ ಇದ್ದದ್ದು ‘ಸೌಭಾಗ್ಯವತಿ ಗೋದಾಬಾಯಿ’. ಅದನ್ನು ಬರೆಸಿದವಳು ಆಕೆ. ಬರೆದವನು ಸರಕಾರದ ಗುಮಾಸ್ತ. ಒಪ್ಪಿ ಸಾಕ್ಷಿ ಹಾಕಿದ್ದು ಊರ ಹಿರಿಯರು. ಅಂದರೆ ಭೀಮಾಜಿ ಬದುಕಿರುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಮುಂದೆ ಹುಟ್ಟಿದ ಶಾಸ್ತ್ರಿಗಳು ಮಾತ್ರ.

“ಏನಂತ ಬರದದ ಸರ?” ಎಂದು ಮೃಣಾಲ ಕೇಳಿದಳು.

“ಬಬಲೇಶ್ವರಕ್ಕ ಹೋಗೂಣಂತ ಬರದದ,” ಎಂದು ಪಂತರು ಕಾರು ಹತ್ತಿದರು.

ಬಬಲೇಶ್ವರದಾಚೆ ಹಳೆಯ ಮಿಶನ್ ಶಾಲೆಯಿದ್ದ ಜಾಗ ಈಗ ಬಸಗೊಂಡಪ್ಪನ ದ್ರಾಕ್ಷಿ ತೋಟ. ಧೋತರ ಉಟ್ಟ ಮುದುಕರೊಬ್ಬರು ಹುಡುಗಿಯೊಂದಿಗೆ ಬಂದು ಹಳೆಯ ಪಾದ್ರಿಯ ಸಮಾಧಿ ಕೇಳುತ್ತಲೇ ಬಸಗೊಂಡಪ್ಪನ ಮುಖ ಬಿಗಿಯಿತು. ಹಳೆಯ ಹೆಸರು ಹಿಡಿದು ಬಂದವರು ಹೊಲ ಕೇಳದೆ ಹೋದದ್ದನ್ನು ಆತ ಈವರೆಗೆ ಕಂಡಿರಲಿಲ್ಲ.

“ಇಲ್ಲಿ ಯಾವ ಸಮಾಧಿನೂ ಇಲ್ರಿ. ಹೊಲದ ಉತಾರ ನನ್ನ ಹೆಸರಿನ್ಯಾಗ ಐತಿ, ಬೇಕಾದ್ರ ತೋರಸ್ತೇನಿ.”

ಹೊಲ ಬೇಡ, ಸಮಾಧಿಯ ಮೇಲಿನ ತಾರೀಖು ಮಾತ್ರ ಸಾಕೆಂದು ಪಂತರು ವಿನಯದಿಂದ ತಿಳಿಸಿದರು.

“ತಾರೀಖ ಏನ್ರಿ? ಅದನ್ನ ಒಯ್ರಿ. ಹೊಲ ಒಂದ ಬಿಟ್ಟು ಏನ ಬೇಕಾದ್ರೂ ಒಯ್ರಿ.” ಇಲ್ಲದ ಸಮಾಧಿಯ ಕಡೆಗೆ ಬಸಗೊಂಡಪ್ಪನೇ ಮುಂದಾಗಿ ನಡೆದ.

ಒಣದ್ರಾಕ್ಷಿಯ ಶೆಡ್ಡಿನ ಹಿಂದೆ, ಖಾಲಿ ಕ್ರೇಟುಗಳ ಕೆಳಗೆ ಚಪ್ಪಡಿಯಿತ್ತು. ಕ್ರೇಟು ಸರಿಸಿ ನೀರು ಹೊಯ್ದಾಗ ಕನ್ನಡದ ಅಕ್ಷರಗಳು ಮೇಲೆ ಬಂದವು: ಭೀಮಾಜಿ ತಿಮ್ಮಾಜಿ ತಿಕೋಟಕರ, ಸಭಾಪಾಲಕ. ಕೆಳಗೆ ತಾರೀಖು. ಗೋದಾಬಾಯಿ ತೀರಿಕೊಂಡು ಆರೇಳು ವರ್ಷ ಕಳೆದ ಮೇಲಿನದು. ಪಂತರು ಕ್ರೇಟೊಂದರ ಮೇಲೆ ಕೂತು ಗೆಣ್ಣು ಎಣಿಸಿದರು; ಒಮ್ಮೆ ಅಲ್ಲ, ಎರಡು ಸಲ. ಆಷಾಢ ವದ್ಯ ಏಕಾದಶಿ. ಮೂರನೆಯ ಪಿಂಡದ ಧಣಿ ಕಾಲ ಬಳಿಯಲ್ಲಿಯೇ ಮಲಗಿದ್ದ.

ಅವರಿಗೆ ದುಃಖವಾಗಬೇಕಿತ್ತು. ಆದರೆ ಮನಸ್ಸು ಪಾದ್ರಿಯನ್ನು ಬಿಟ್ಟು ಗೋದಾಬಾಯಿಯ ಬೆನ್ನು ಹತ್ತಿತ್ತು. ಧರ್ಮ ಬಿಟ್ಟವನಿಗೆ ಅಂದಿನ ಊರು ಮಾಡುತ್ತಿದ್ದುದೇನೆಂಬುದು ಅವರು ಬಲ್ಲ ಸಂಗತಿ. ಅವನ ಹೆಸರಿನಲ್ಲಿ ಗಡಿಗೆ ಒಡೆಯುವರು. ಗಡಿಗೆ ಒಡೆದ ಮೇಲೆ ಅವನಿಗೆ ಶ್ರಾದ್ಧವಿಲ್ಲ, ನೀರಿಲ್ಲ, ಅವನ ಹೆಸರನ್ನು ಮನೆಯಲ್ಲಿ ಎತ್ತುವಂತಿಲ್ಲ. ಹೆಸರು ಉಳಿಯಬೇಕಾದರೆ ಅವನು ಧರ್ಮದಲ್ಲಿಯೇ ಸತ್ತಿರಬೇಕು. ಅದಕ್ಕೆಂದೇ ಆಕೆ ಗಂಡನನ್ನು ಕಾಶಿಯ ದಾರಿಯಲ್ಲಿ ಹೊಳೆಗೆ ನೂಕಿದ್ದಳು. ತಿಥಿಯೊಂದು ಬೇಕಿತ್ತು, ಅವನು ಚರ್ಚಿನಲ್ಲಿ ತಲೆಯೊಡ್ಡಿ ನಿಂತ ದಿನವನ್ನೇ ಹಿಡಿದುಕೊಂಡಳು. ಗಡಿಗೆ ಒಡೆಯಲು ಸಿದ್ಧರಾಗಿದ್ದ ಹಿರಿಯರೆಲ್ಲ ಪಂಚಮಿಗೆ ಬಂದು, ಬದುಕಿದ್ದವನ ಶ್ರಾದ್ಧದಲ್ಲಿ ವಡೆ ತಿಂದು, ಕೈತೊಳೆದು, ಬಾಯಿ ಮುಚ್ಚಿಕೊಂಡು ಹೋದರು. ಆಕೆ ಮಾತ್ರ ಬಳೆ ಒಡೆಯಲಿಲ್ಲ. ಯಾವ ಶಾಸ್ತ್ರವನ್ನೂ ಓದದವಳು ಶಾಸ್ತ್ರಿಗಳ ಮೂರು ತಲೆಮಾರನ್ನು ತನ್ನ ಕಟ್ಟಳೆಯಂತೆ ನಡೆಸಿದ್ದಳು.

ಪಂತರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುವಷ್ಟು. ಬಿಸಿಲು ತಲೆಗೇರಿತೆಂದು ಬಸಗೊಂ‌ಡಪ್ಪ ಬೊಗಸೆ ಒಣದ್ರಾಕ್ಷಿಯನ್ನೂ ಒಂದು ತಂಬಿಗೆ ನೀರನ್ನೂ ತಂದುಕೊಟ್ಟ.

“ನಿಮ್ಮ ಮುತ್ತಜ್ಜನ್ನ ನಾವು ಕಸಗೊಂಡಂಗಾತು ಅಂತ ಸಿಟ್ಟು ಬಂತೇನ್ರಿ ಸರ?” ಎಂದು ಮೃಣಾಲ ಮೆಲ್ಲಗೆ ಕೇಳಿದಳು.

“ಕಸಗೊಳ್ಳೂದೇನು ಬಂತು? ಎರಡೂ ಮನಿಗೆ ಸಾಲೂವಷ್ಟು ಬದುಕ್ಯಾನ ಆತ.” ಪಂತರು ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡರು. “ಮತ್ತ ನನಗ ಸರ ಅನಬ್ಯಾಡ. ತಲಿ ಎಣಿಸಿದ್ರ ನಿಮ್ಮಪ್ಪ ನನಗ ತಮ್ಮ ಆಗ್ತಾನ. ನಾ ನಿನಗ ಕಾಕಾ.”

ಮನೆಗೆ ಬಂದ ಮೇಲೆ ನಿಜವಾದ ಸಂಕಟ ಎದುರಾಯಿತು. ಪಂಚಮಿ ನಾಡಿದ್ದಿನಲ್ಲಿತ್ತು. ಸುಳ್ಳೆಂದು ಗೊತ್ತಾದ ತಿಥಿಯಲ್ಲಿ ಪಿಂಡ ಇಡಲಾಗದು. ಆದುದರಿಂದ ಶ್ರಾದ್ಧವನ್ನು ಆಷಾಢಕ್ಕೆ ಒಯ್ಯಬೇಕು. ಏಕಾದಶಿ ಉಪವಾಸದ ದಿನವಾದ ಕಾರಣ ಮರುದಿನ ದ್ವಾದಶಿಯಲ್ಲಿ, ಪಾರಣೆಯ ಹೊತ್ತಿಗೆ ಮಾಡಬೇಕು ಎಂದು ಪಂತರು ನಿರ್ಣಯ ಕೊಟ್ಟರು. ದ್ವಾದಶಿಯೆಂದರೆ ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಬೇಕು. ಪಾದ್ರಿಯಾದರೂ ಈ ಮಾವ ಸೊಸೆಯಂದಿರ ನಿದ್ದೆ ಕೆಡಿಸುವುದು ಬಿಡಲಿಲ್ಲವೆಂದು ತುಳಸಾಬಾಯಿ ಗೊಣಗಿದರು. ಗೊಣಗುತ್ತಲೇ ಒಪ್ಪಿದರು. ಧರ್ಮ ಬಿಟ್ಟವನಿಗೆ ಶ್ರಾದ್ಧ ಸಲ್ಲುವುದೇ ಎಂಬ ಪ್ರಶ್ನೆಗೆ ಪಂತರು ಅಷ್ಟರಲ್ಲಿ ಉತ್ತರ ಕಟ್ಟಿದ್ದರು: ಗಡಿಗೆ ಒಡೆದ ದಾಖಲೆ ಎಲ್ಲಿಯೂ ಇಲ್ಲ, ಒಡೆಯದ ಗಡಿಗೆಯ ನೀರು ಕುಡಿಯಲು ಅಡ್ಡಿಯಿಲ್ಲ.

ಆದರೆ ಪಂಚಮಿಯನ್ನು ಕೈಬಿಡುವ ಮಾತು ಬಂದಾಗ ತುಳಸಾಬಾಯಿ ಹಿಟ್ಟಿನ ಕೈಯಲ್ಲಿಯೇ ಹೊರಗೆ ಬಂದರು.

“ಗೋದಾಬಾಯಿ ಹಚ್ಚಿಕೊಟ್ಟದ್ದನ್ನ ನಿಲ್ಲಸಾಕ ನೀವ್ಯಾರ್ರಿ? ಪಿಂಡ ಬ್ಯಾಡಂದ್ರ ಬಿಡ್ರಿ. ಎಲಿ ಹಾಕೂದು ನಿಲ್ಲಂಗಿಲ್ಲ.”

“ಏನಂತ ಹಾಕೂದು? ಸಂಕಲ್ಪದಾಗ ಏನಂತ ಹೇಳ್ಲಿ?”

“ಸಾಯಲಿಲ್ಲಂತ ಹೇಳ್ರಿ. ಅವತ್ತ ಆತ ಸಾಯಲಿಲ್ಲಲ್ಲ, ಅದು ಖರೆ ಹೌದಿಲ್ಲೊ?”

ಇಂಥ ಸಂಕಲ್ಪ ಯಾವ ಪ್ರಯೋಗಪದ್ಧತಿಯಲ್ಲಿಯೂ ಇರಲಿಲ್ಲ. ಇದ್ದ ಸತ್ಯಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದೂ ಇರಲಿಲ್ಲ. ಶ್ರಾದ್ಧಕ್ಕೆಂದು ಕರೆದಿದ್ದ ಬ್ರಾಹ್ಮಣರಿಗೆ ಪಂತರು ಫೋನು ಮಾಡಿ, ಪಿಂಡ ರದ್ದಾಗಿದೆ, ಊಟ ಉಳಿದಿದೆ ಎಂದು ತಿಳಿಸಿದರು. ಅವರು ಈ ಮತಾಂತರವನ್ನು ಯಾವ ಚರ್ಚೆಯೂ ಇಲ್ಲದೆ ಒಪ್ಪಿಕೊಂಡರು. ಮೃಣಾಲ ಹುಬ್ಬಳ್ಳಿಯಿಂದ ತಂದೆಯನ್ನೂ ಕರೆಸಿದಳು.

ಪಂಚಮಿಯ ಮಧ್ಯಾಹ್ನ ಎಲೆ ಹಾಕಿತ್ತು. ಪಂತರು ಸ್ನಾನ ಮಾಡಿ, ಮಡಿ ಉಟ್ಟು, ಜನಿವಾರವನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ದೇವರ ಕಾರ್ಯಕ್ಕಾದರೆ ಎಡ ಹೆಗಲು, ಸತ್ತವರ ಕಾರ್ಯಕ್ಕಾದರೆ ಬಲ ಹೆಗಲು. ಭೀಮಾಜಿ ದೇವರಲ್ಲ; ಇಂದಿನ ಮಟ್ಟಿಗೆ ಸತ್ತವನೂ ಅಲ್ಲ. ಕೊನೆಗೆ ಋಷಿಗಳಿಗೂ ಮನುಷ್ಯರಿಗೂ ಸಲ್ಲುವ ಮೂರನೆಯ ಕ್ರಮ ನೆನಪಾಯಿತು. ಜನಿವಾರವನ್ನು ಮಾಲೆಯ ಹಾಗೆ ಕೊರಳಿಗೆ ಹಾಕಿಕೊಂಡು, ಭೀಮಾಜಿಯ ಹೆಸರನ್ನೂ ಗೋತ್ರವನ್ನೂ ಗಟ್ಟಿಯಾಗಿ ಹೇಳಿ, ಎಳ್ಳಿಲ್ಲದ ಬರಿಯ ನೀರು ಬಿಟ್ಟರು. ತಾವು ಚರ್ಚಿನಲ್ಲಿ ಉಪಾಸನೆಗೆ ನಿಲ್ಲುವಾಗ ಕೊರಳಪಟ್ಟಿಯನ್ನು ಹೀಗೆಯೇ ಇಳಿಬಿಡುವುದೆಂದು ಮೃಣಾಲಳ ತಂದೆ ಮೆಚ್ಚಿಕೊಂಡು ಹೇಳಿದರು. ಇಬ್ಬರು ಮುದುಕರೂ ಅಕ್ಕಪಕ್ಕದ ಎಲೆಗಳಿಗೆ ಕೂತರು.

ಅಷ್ಟರಲ್ಲಿ ಅಡುಗೆಮನೆಯಿಂದ ಆ ಮನೆಯ ಪಂಚಮಿ ಎಂದೂ ಕಾಣದ ವಾಸನೆಯೊಂದು ಬಂತು. ಪಂತರು ಮೂಗು ಅರಳಿಸಿದರು. ತುಳಸಾಬಾಯಿ ಬುಟ್ಟಿ ತಂದು ಎಲೆಯ ತುದಿಗೆ ಬಿಸಿ ಈರುಳ್ಳಿ ಭಜಿ ಬಡಿಸಿದರು.

“ಉಳ್ಳಾಗಡ್ಡಿ?” ಎಂದರು ಪಂತರು.

“ಸತ್ತವರ ದಿನ ಉಳ್ಳಾಗಡ್ಡಿ ಹಾಕಬಾರದು ಅಂತ ನೀವ ಹೇಳ್ತೀರಿ. ಇವತ್ತ ಯಾರು ಸತ್ತಾರ್ರಿ?”

ಪಂತರು ಸ್ಮೃತಿಗಳನ್ನು ಮನಸ್ಸಿನಲ್ಲಿಯೇ ಒಮ್ಮೆ ತಿರುವಿ ಹಾಕಿದರು; ನಿಷೇಧ ಸಿಗುವ ಮೊದಲೇ ಒಂದು ಭಜಿ ಮುಗಿದಿತ್ತು. ಅವರು ಎಲೆಯನ್ನು ಸ್ವಲ್ಪ ಬುಟ್ಟಿಯ ಕಡೆಗೆ ಸರಿಸಿದರು.